ಕೆಮಿಸ್ಟ್ರಿ ಯೂನಿಟ್ ಬಿಟ್ಟು ಬರೀ ಬಯಾಲಜಿ ಓದಿ ಡಿಎಂಎಲ್‌ಟಿ (ಲ್ಯಾಬ್ ಟೆಕ್ನಿಶಿಯನ್ ಡಿಪ್ಲೊಮಾ) ಪಾಸಾಗ್ಬಹುದಾ? ಇಲ್ಲಾ ಟ್ಯೂಷನ್ ಸೇರ್ಕೋಬೇಕಾ?

ಅಯ್ಯೋ ಮಾರಾಯ್ರೆ, ನನ್ನದೇ ಕಥೆ ಬರೆದು ಕೊನೇಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದೀರ. ಕನ್ನಡ ಮೀಡಿಯಂ, ಎಸ್ಸೆಸ್ಸೆಲ್ಸಿ ಆದ್ಮೇಲೆ ಲ್ಯಾಬ್ ಟೆಕ್ನಿಶಿಯನ್ ಕೋರ್ಸು, ಹೃದಯ ಕಿಡ್ನಿ ಲಿವರ್ ಎಲ್ಲ ಚಿತ್ರ ಬರ್ಕೊಂಡು ಓದಿದ್ರೆ ತಲೆಗೆ ಹತ್ತುತ್ತೆ, ಮೊದಲ್ನೇ ಯೂನಿಟ್ಟಿನ ಅಯಾನು, ಪಿಎಚ್, ಆಸ್ಮಾಸಿಸ್, ಬಫರ್ ಬಂದ್ ತಕ್ಷಣ ಆಕಳಿಕೆ. ನಮ್ ಸೀನಿಯರ್ ಒಬ್ರು "ಅದ್ರಿಂದ ಎಷ್ಟ್ ಮಾರ್ಕ್ಸ್ ಬರುತ್ತೆ, ಬಿಡೋ ಅತ್ಲಾಗೆ" ಅಂದ್ರು, ಬಿಟ್ಟೆ. ಥಿಯರಿ ಪಾಸೂ ಆದೆ. ಸಿಕ್ಕಾಕ್ಕೊಂಡಿದ್ದು ಪ್ರಾಕ್ಟಿಕಲ್‌ನಲ್ಲಿ.

ನಂಗೆ ಬಂದಿದ್ದು ಬ್ಲಡ್ ಗ್ರೂಪಿಂಗ್, ಟ್ಯೂಬ್ ಮೆಥಡ್. ಕಣ್ಮುಚ್ಕೊಂಡು ಮಾಡೋ ಅಂಥದ್ದು. ರಕ್ತವನ್ನ ನಾರ್ಮಲ್ ಸಲೈನ್‌ನಲ್ಲಿ ತೊಳೀಬೇಕು, ಅಂದ್ರೆ ಸಲೈನ್ ಹಾಕಿ ಸೆಂಟ್ರಿಫ್ಯೂಜ್‌ಗೆ ಇಟ್ಟು ತಿರುಗಿಸಿ ಮೇಲಿನ ನೀರು ಚೆಲ್ಲೋದು, ಹಿಂಗೇ ಮತ್ತೆ ಮತ್ತೆ, ಆಮೇಲೆ ಕೆಳಗೆ ಕೂತಿರೋ ಸೆಲ್ಸ್ ತಗೊಂಡು ಸಸ್ಪೆನ್ಷನ್ ಮಾಡಿ ಆಂಟಿ ಎ, ಆಂಟಿ ಬಿ, ಆಂಟಿ ಡಿ ಅನ್ನೋ ಆಂಟಿಸೀರಾ ಒಂದೊಂದು ಟ್ಯೂಬಿಗೆ ಹಾಕಿ ಯಾವ್ದ್ರಲ್ಲಿ ಸೆಲ್ಸ್ ಗಂಟು ಕಟ್ಟುತ್ತೆ ಅಂತ ನೋಡೋದು, ಯಾವ್ದ್ರಲ್ಲೂ ಕಟ್ಲಿಲ್ಲ ಅಂದ್ರೆ ಓ ನೆಗೆಟಿವ್. ನನ್ ಟೇಬಲ್ ಮೇಲಿದ್ದ ಸಲೈನ್ ಬಾಟ್ಲಿ ತಳ ಕಂಡಿತ್ತು. ಪಕ್ಕದಲ್ಲೇ ಸ್ಟೇನ್ ಮಾಡೋಕೆ ಇಟ್ಟಿದ್ದ ಡಿಸ್ಟಿಲ್ಡ್ ವಾಟರ್ ಇತ್ತು. ಎದ್ದು ಹೋಗಿ ಕೇಳಿದ್ರೆ ಮಾರ್ಕ್ಸ್ ಕಟ್ ಮಾಡ್ತಾರೇನೋ ಅನ್ನೋ ಭಯ. ಸಲೈನ್ ಅಂದ್ರೂ ನೀರೇ ತಾನೆ, ಚಿಟಿಕೆ ಉಪ್ಪು ಜಾಸ್ತಿ ಅಷ್ಟೆ, ಡಿಸ್ಟಿಲ್ಡ್ ವಾಟರ್ ಅಂದ್ರೆ ಇನ್ನೂ ಶುದ್ಧ, ತೊಳೆಯೋಕೆ ಶುದ್ಧ ನೀರಿಗಿಂತ ಬೇಕಾ ಅಂತ ಲಾಜಿಕ್ ಹಾಕಿ ಸುರಿದೆ.

ತಿರುಗಿಸಿ ತೆಗೆದ್ರೆ ಟ್ಯೂಬ್ ತಳದಲ್ಲಿ ಕೆಂಪು ಗುಂಡಿ ಥರ ಕೂರ್ಬೇಕಾಗಿದ್ದ ಸೆಲ್ಸ್ ಇಲ್ಲವೇ ಇಲ್ಲ. ಟ್ಯೂಬ್ ಪೂರ್ತಿ ತಿಳಿ ಕೆಂಪು, ಆಚೆ ಕಡೆ ನನ್ ಬೆರಳಿನ ಗೆರೆ ಕಾಣ್ತಿದೆ. ಆವಾಗ್ಲಾದ್ರೂ ನಿಲ್ಲಿಸ್ಬೇಕಿತ್ತು. ಇಲ್ಲ, ಅದಕ್ಕೇ ಆಂಟಿಸೀರಾ ಹಾಕಿದೆ, ಯಾವ ಟ್ಯೂಬಲ್ಲೂ ಗಂಟು ಕಟ್ಲಿಲ್ಲ, ರೆಕಾರ್ಡ್‌ನಲ್ಲಿ ಠೀವಿಯಿಂದ ಓ ನೆಗೆಟಿವ್ ಅಂತ ಬರೆದೆ. ಎಕ್ಸ್‌ಟರ್ನಲ್ ಮೇಡಂ ಟ್ಯೂಬನ್ನ ಲೈಟಿಗೆ ಹಿಡಿದು "ಸೆಲ್ಸ್ ಎಲ್ಲಪ್ಪಾ?" ಅಂದ್ರು. ಆ ಸ್ಯಾಂಪಲ್ ಬಿ ಪಾಸಿಟಿವ್ ಆಗಿತ್ತು.

ಏನಾಗಿತ್ತು ಅಂತ ಸ್ವಲ್ಪ ಉದ್ದಕ್ಕೇ ಹೇಳ್ತೀನಿ, ಬೇಜಾರಾದ್ರೂ ಓದಿ. ಕೆಂಪು ರಕ್ತಕಣದ ಪೊರೆ ಅಂದ್ರೆ ಎರಡು ಪದರ ಕೊಬ್ಬು, ಫಾಸ್ಫೋಲಿಪಿಡ್. ನೀರು ಅದರ ಮೂಲಕ ಹೋಗಿ ಬರುತ್ತೆ, ಸೋಡಿಯಂ ಪೊಟ್ಯಾಶಿಯಂ ಅಯಾನುಗಳು ಸುಲಭಕ್ಕೆ ದಾಟಲ್ಲ. ಕಣದ ಒಳಗೆ ಕರಗಿರೋ ವಸ್ತುಗಳ ಸಾಂದ್ರತೆ ಲೀಟರಿಗೆ ಹೆಚ್ಚೂಕಮ್ಮಿ 290 ಮಿಲಿಆಸ್ಮೋಲ್, ಹೊರಗಿನ ಪ್ಲಾಸ್ಮಾದಲ್ಲೂ, ಅಂದ್ರೆ ರಕ್ತದ ದ್ರವ ಭಾಗದಲ್ಲೂ ಅಷ್ಟೇ, ಅದಕ್ಕೇ ಕಣ ಆರಾಮಾಗಿರುತ್ತೆ. 0.9 ಪರ್ಸೆಂಟ್ ಸಲೈನ್ ಅಂದ್ರೆ ಲೀಟರಿಗೆ 9 ಗ್ರಾಂ ಉಪ್ಪು. ಅದು ಸೋಡಿಯಂ 154, ಕ್ಲೋರೈಡ್ 154 ಮಿಲಿಮೋಲ್ ಆಗಿ ಒಡೆಯುತ್ತೆ, ಒಟ್ಟು 308, ಅಂದ್ರೆ ಪ್ಲಾಸ್ಮಾದ ಹತ್ತಿರಕ್ಕೇ ಬಂತು. ಆ 9 ಗ್ರಾಂ ಯಾರೋ ರುಚಿಗೆ ಹಾಕಿದ್ದಲ್ಲ! ಡಿಸ್ಟಿಲ್ಡ್ ವಾಟರಲ್ಲಿ ಇದು ಸೊನ್ನೆ. ನೀರು ಯಾವಾಗ್ಲೂ ಪೊರೆ ದಾಟಿ ಕರಗಿದ್ದು ಜಾಸ್ತಿ ಇರೋ ಕಡೆಗೇ ನುಗ್ಗೋದು, ಇದೇ ಆಸ್ಮಾಸಿಸ್, ಮಾವಿನಮಿಡಿ ಉಪ್ಪಲ್ಲಿ ಹಾಕಿದ್ರೆ ನೀರು ಬಿಟ್ಟು ಚಿರುಟುತ್ತಲ್ಲ, ಇಲ್ಲಿ ಅದೇ ಉಲ್ಟಾ. ನೀರು ಒಳಗೆ ನುಗ್ಗಿ, ಕಣ ಉಬ್ಬಿ, ಒಡೆದು, ಹಿಮೋಗ್ಲೋಬಿನ್ ಎಲ್ಲ ಆಚೆ. ಗಿಡದ ಜೀವಕೋಶಕ್ಕೆ ಹೊರಗೊಂದು ಗೋಡೆ ಇದೆ, ತಡ್ಕೊಳ್ಳುತ್ತೆ, ನಮ್ಮ ರಕ್ತಕಣಕ್ಕೆ ಅದೂ ಇಲ್ಲ. ಸೆಲ್ಲೇ ಇಲ್ಲ ಅಂದ್ಮೇಲೆ ಗಂಟು ಕಟ್ಟೋಕೆ ಏನಿದೆ, ಯಾವ ಗ್ರೂಪಿನ ರಕ್ತ ಕೊಟ್ಟಿದ್ರೂ ನಾನು ಓ ನೆಗೆಟಿವ್ವೇ ಬರೀತಿದ್ದೆ.

ಅಲ್ಲಾ ನೋಡಿ, ಆಸ್ಮಾಸಿಸ್ ಡೆಫಿನಿಷನ್ ನಂಗೆ ಬಾಯಿಪಾಠ ಇತ್ತು. ಗಡಿಬಿಡೀಲಿ ಬಾಟ್ಲಿ ಅದಲು ಬದಲಾಗಿದ್ರೆ ಅದು ಬೇರೆ ಮಾತು, ನಾನು ಯೋಚ್ನೆ ಮಾಡಿ, ಇದೇ ಒಳ್ಳೇದು ಅಂತ ಸುರಿದವನು. ಆ ಯೂನಿಟ್ಟು ಪರೀಕ್ಷೆಗೆ, ಈ ಟ್ಯೂಬು ಕೆಲಸಕ್ಕೆ, ಎರಡಕ್ಕೂ ಸಂಬಂಧ ಇಲ್ಲ ಅಂತ ತಲೇಲಿ ಗೋಡೆ ಕಟ್ಕೊಂಡಿದ್ದೆ. ಜೊತೆಯವ್ರೆಲ್ಲ ಇಂಟರ್ನ್‌ಶಿಪ್‌ಗೆ ಹೋದ್ರು, ನಾನು ಸಪ್ಲಿಮೆಂಟರಿಗೆ ಕಾಯ್ತಾ ಮನೇಲಿ ಅಡಿಕೆ ಸುಲಿತಾ ಕೂತೆ. ಮನೇಲಿ ಹೇಳಿದ್ದು ಮಾತ್ರ "ಮೆಷಿನ್ ಕೆಟ್ಟಿತ್ತು" ಅಂತ.

ಈಗ ಕೆಲಸಕ್ಕೆ ಸೇರಿದ್ಮೇಲೆ ನೋಡಿದ್ರೆ ದಿನಾ ಅದೇ ಯೂನಿಟ್ಟು. ಪೊಟ್ಯಾಶಿಯಂ ತಗೊಳ್ಳಿ. ಸೀರಂನಲ್ಲಿ, ಅಂದ್ರೆ ರಕ್ತ ಹೆಪ್ಪುಗಟ್ಟಿದ್ಮೇಲೆ ಉಳಿಯೋ ತಿಳಿ ದ್ರವದಲ್ಲಿ, ಇರೋದು ಲೀಟರಿಗೆ 3.5ರಿಂದ 5 ಮಿಲಿಮೋಲ್, ಸೆಲ್ ಒಳಗೆ 140ರ ಆಸುಪಾಸು. ವಾರ್ಡಲ್ಲಿ ಯಾರೋ ಸಿರಿಂಜಿಂದ ಟ್ಯೂಬಿಗೆ ರಕ್ತ ಜೋರಾಗಿ ಒತ್ತಿ ಕಳ್ಸಿರ್ತಾರೆ, ಕಣ ಒಡೆದು ಸೀರಂ ಕೆಂಪಗಿರುತ್ತೆ, ಮೆಷಿನ್ ಪೊಟ್ಯಾಶಿಯಂ 7 ಅಂತ ತೋರ್ಸುತ್ತೆ. ಹಂಗೇ ರಿಪೋರ್ಟ್ ಕೊಟ್ರೆ ಹೃದಯ ನಿಲ್ಲುತ್ತೇನೋ ಅಂತ ಡಾಕ್ಟ್ರು ಗಾಬರಿ ಬೀಳ್ತಾರೆ, ಪೇಷಂಟ್ ಪಾಪ ಬೆಡ್ ಮೇಲೆ ಇಡ್ಲಿ ತಿಂತಾ ಕೂತಿರ್ತಾರೆ. ಇನ್ನೊಂದು, ಟ್ಯೂಬಲ್ಲಿ ರಕ್ತ ಕಮ್ಮಿ ಆಯ್ತು ಅಂತ ನೇರಳೆ ಮುಚ್ಚಳದ ಟ್ಯೂಬಿಂದ ಕೆಂಪು ಮುಚ್ಚಳದ್ದಕ್ಕೆ ಸ್ವಲ್ಪ ಸುರಿಯೋ ಮಹಾನುಭಾವ್ರು ಇದಾರೆ. ನೇರಳೆದ್ರಲ್ಲಿ ಇರೋದು ಪೊಟ್ಯಾಶಿಯಂ ಇಡಿಟಿಎ, ಅದು ಕ್ಯಾಲ್ಸಿಯಂ ಅಯಾನನ್ನ ಹಿಡಿದಿಟ್ಕೊಳ್ಳುತ್ತೆ, ಕ್ಯಾಲ್ಸಿಯಂ ಸಿಗ್ದೆ ರಕ್ತ ಹೆಪ್ಪುಗಟ್ಟಲ್ಲ. ಸುರಿದ್ರೆ ರಿಪೋರ್ಟಲ್ಲಿ ಪೊಟ್ಯಾಶಿಯಂ ಆಕಾಶಕ್ಕೆ, ಕ್ಯಾಲ್ಸಿಯಂ ಪಾತಾಳಕ್ಕೆ. ಎರಡೂ ಒಟ್ಟಿಗೆ ಹಿಂಗೆ ಬಂದ್ರೆ ನಾನು ಮೊದಲು ವಾರ್ಡಿಗೆ ಫೋನ್ ಹಚ್ತೀನಿ. ಶುಗರ್‌ಗೆ ಬೂದು ಮುಚ್ಚಳ ಯಾಕೆ? ರಕ್ತಕಣ ಟ್ಯೂಬ್ ಒಳಗೂ ಗ್ಲೂಕೋಸ್ ತಿಂತಾನೇ ಇರುತ್ತೆ, ಹಂಗೇ ಇಟ್ರೆ ಗಂಟೆಗೆ 5ರಿಂದ 7 ಪರ್ಸೆಂಟ್ ಇಳಿಯುತ್ತೆ, ಅದ್ರಲ್ಲಿರೋ ಫ್ಲೋರೈಡು ಆ ದಾರೀಲಿರೋ ಒಂದು ಕಿಣ್ವವನ್ನ ತಡೆಯುತ್ತೆ.

ಟ್ಯೂಷನ್ ವಿಷ್ಯ. ಬೇಡ. ಅಲ್ಲಿ ಪಿಯುಸಿ ಕೆಮಿಸ್ಟ್ರಿ ಹೇಳ್ಕೊಡ್ತಾರೆ, ಸಮೀಕರಣ ಸರಿದೂಗಿಸೋದು, ಆರ್ಗ್ಯಾನಿಕ್ ಹೆಸರು ಇಡೋದು, ನಿಮಗೆ ಅದು ಬೇಕಾಗಿಲ್ಲ. ಕೆಮಿಸ್ಟ್ರಿ ಬೇರೆ ಬಯಾಲಜಿ ಬೇರೆ ಅನ್ಕೊಂಡು ಯಾವ್ದು ಬಿಡ್ಲಿ ಅಂತ ಕೇಳ್ತಿದೀರಲ್ಲ, ನಂಗೆ ಆ ಪ್ರಶ್ನೇನೇ ಹಿಡಿಸ್ಲಿಲ್ಲ. ಅದ್ರ ಬದ್ಲು ನಿಮ್ಮ ಹಳೇ ಒಂಬತ್ತನೇ, ಹತ್ತನೇ ಕ್ಲಾಸಿನ ಕನ್ನಡ ವಿಜ್ಞಾನ ಪುಸ್ತಕ ಅಟ್ಟದಿಂದ ಇಳಿಸಿ, ಜೀವಕೋಶದ ಪಾಠ, ಆಮ್ಲ ಪ್ರತ್ಯಾಮ್ಲದ ಪಾಠ ಎರಡೇ ಓದಿ. ಪಿಎಚ್‌ನಲ್ಲಿ ಒಂದು ನಂಬರ್ ಇಳಿದ್ರೆ ಹೈಡ್ರೋಜನ್ ಅಯಾನು ಹತ್ತು ಪಟ್ಟು ಏರುತ್ತೆ, 7.4ರಿಂದ 7.1ಕ್ಕೆ ಬಂದ್ರೆ ಡಬಲ್. ರಕ್ತದ ಲಿಮಿಟ್ 7.35ರಿಂದ 7.45, ಅಷ್ಟೇ ಸಂದಿ ಯಾಕೆ ಅನ್ನೋದು ಇಷ್ಟ್ರಲ್ಲೇ ಅರ್ಥ ಆಗುತ್ತೆ.

ಆಮೇಲೆ ಮೆಡಿಕಲ್ ಶಾಪಲ್ಲಿ ಒಂದು ಓಆರ್‌ಎಸ್ ಪ್ಯಾಕೆಟ್ ತಗೊಂಡು ಹಿಂದುಗಡೆ ಓದಿ, ಡಬ್ಲ್ಯುಎಚ್ಒ ಫಾರ್ಮುಲಾ ಅಂತ ಇರೋದನ್ನೇ ತಗೊಳ್ಳಿ, ಪೆಟ್ಟಿಗೇಲಿ ಬರೋ ಜ್ಯೂಸ್ ಥರದ್ದಲ್ಲ. ಲೀಟರಿಗೆ ಉಪ್ಪು 2.6 ಗ್ರಾಂ, ಗ್ಲೂಕೋಸ್ 13.5, ಪೊಟ್ಯಾಶಿಯಂ ಕ್ಲೋರೈಡ್ 1.5, ಸಿಟ್ರೇಟ್ 2.9. ಭೇದಿಗೆ ಸಕ್ಕರೆ ಯಾಕೆ ಅಂತ ನಾನು ತುಂಬಾ ದಿನ ಶಕ್ತಿಗೆ ಅನ್ಕೊಂಡಿದ್ದೆ. ಅಲ್ಲ. ಕರುಳಿನ ಗೋಡೇಲಿ ಸೋಡಿಯಂ, ಗ್ಲೂಕೋಸ್ ಎರಡೂ ಜೋಡಿಯಾಗಿ ಒಳಗೆ ಹೋಗೋ ಒಂದು ಬಾಗಿಲಿದೆ, ಅವು ಹೋದ್ರೆ ಹಿಂದೇನೇ ನೀರು ಹೋಗುತ್ತೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಕ್ಯಾಂಪಲ್ಲಿ ಕಾಲರಾ ಬಂದು ಡ್ರಿಪ್ ಖಾಲಿ ಆದಾಗ, ಬಂಗಾಳದ ಬನಗಾಂವ್‌ನಲ್ಲಿ ಡಾ. ದಿಲೀಪ್ ಮಹಾಲನಬಿಸ್ ಉಪ್ಪು ಗ್ಲೂಕೋಸ್ ನೀರನ್ನ ಡ್ರಮ್ಮಲ್ಲಿ ಕಲಸಿ ಕುಡಿಸಿಯೇ ಸಾವಿರಾರು ಜನರನ್ನ ಉಳಿಸಿದ್ರು. ಇನ್ನು ಈ ಯೂನಿಟ್ಟು ಬೋರ್ ಅಂದ್ರೆ ನಾನೇನ್ ಮಾಡ್ಲಿ.

ಲ್ಯಾಬಲ್ಲಿ ಪರ್ಮಿಷನ್ ಸಿಕ್ರೆ ಇದೊಂದು ಮಾಡಿ: ಸಲೈನನ್ನ 0.9ರಿಂದ ಶುರು ಮಾಡಿ ಸ್ವಲ್ಪ ಸ್ವಲ್ಪ ತೆಳು ಮಾಡ್ತಾ ಸಾಲಾಗಿ ಟ್ಯೂಬ್ ಇಟ್ಟು, ಒಂದೊಂದು ಹನಿ ರಕ್ತ ಹಾಕಿ, ಸ್ವಲ್ಪ ಹೊತ್ತು ಬಿಟ್ಟು ಹಿಂದೆ ಪೇಪರ್ ಹಿಡೀರಿ. 0.5ರ ಹತ್ರ ಕಣ ಒಡೆಯೋಕೆ ಶುರು ಆಗುತ್ತೆ, 0.3ಕ್ಕೆ ಬರೋ ಹೊತ್ತಿಗೆ ಅಕ್ಷರ ಸ್ಪಷ್ಟ ಓದ್ಬಹುದು. ವೈವಾದಲ್ಲಿ ಇಂಗ್ಲಿಷ್ ತಡವರಿಸಿದ್ರೆ ಕನ್ನಡ ಸೇರಿಸಿ ಹೇಳಿ, ಸಪ್ಲಿಮೆಂಟರೀಲಿ ನಾನು ಹಂಗೇ ಹೇಳಿದ್ದು, ಯಾರೂ ಬೇಡ ಅನ್ಲಿಲ್ಲ. ಟೇಬಲ್ ಮೇಲೆ ಸಲೈನ್ ಮುಗಿದಿದ್ರೆ ಎದ್ದು ಹೋಗಿ ಕೇಳಿ, ಅದಕ್ಕೆ ಮಾರ್ಕ್ಸ್ ಕಟ್ ಮಾಡಲ್ಲ.