ಬ್ಯಾಡಗಿಯ ಘಾಟು ಮತ್ತು ನಿಮ್ಮ ಮೂರನೆಯ ಕೋಷ್ಟಕ

ಆತ್ಮೀಯ ಡಾಕ್ಟರೇ,

ಬ್ಯಾಡಗಿಯಲ್ಲಿ ಒಣಮೆಣಸಿನಕಾಯಿಯ ತೊಟ್ಟು ಬಿಡಿಸುವ ಮಹಿಳೆಯರ ಉಸಿರಾಟದ ತೊಂದರೆಗಳ ಕುರಿತು ನೀವು ಕಳುಹಿಸಿದ ಸಂಶೋಧನಾ ಪ್ರಬಂಧವನ್ನು ಓದಿದೆ. ಈಗಿರುವ ರೂಪದಲ್ಲಿ ನಮ್ಮ ಪತ್ರಿಕೆ ಅದನ್ನು ಪ್ರಕಟಿಸುವುದಿಲ್ಲ. ಹಾಗೆಂದು ಕೈಬಿಡಲೂ ಮನಸ್ಸಿಲ್ಲ.

ಪ್ರಬಂಧಕ್ಕಿಂತ ಮೊದಲು ಒಂದು ಮಾತು. ನಿಮ್ಮ ಎರಡನೆಯ ಕೋಷ್ಟಕದಲ್ಲಿ ‘ಎರಡು ವಾರ ಮೀರಿದ ಕೆಮ್ಮು’ ಎಂಬ ಸಾಲಿದೆ. ಆ ಸಾಲಿನಲ್ಲಿರುವವರ ಕಫ ಪರೀಕ್ಷೆ ಆಯಿತೇ? ಎರಡು ವಾರ ದಾಟಿದ ಕೆಮ್ಮಿದ್ದರೆ ಕ್ಷಯವನ್ನು ಶಂಕಿಸಿ ಪರೀಕ್ಷಿಸಬೇಕು ಎಂಬುದು ರಾಷ್ಟ್ರೀಯ ಕ್ಷಯರೋಗ ನಿರ್ಮೂಲನಾ ಕಾರ್ಯಕ್ರಮದ ನಿಯಮ. ನಿಮಗೆ ನಾನು ಹೇಳಿಕೊಡಬೇಕಾದದ್ದಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ, ಔಷಧ ಎರಡೂ ಉಚಿತ. ಪ್ರಬಂಧದಲ್ಲಿ ಈ ಬಗ್ಗೆ ಒಂದಕ್ಷರವೂ ಇಲ್ಲ. ಮಾಡಿಸಿದ್ದರೆ ಬರೆಯಿರಿ. ಮಾಡಿಸಿಲ್ಲವಾದರೆ ಈ ಪತ್ರವನ್ನು ಪಕ್ಕಕ್ಕಿಟ್ಟು ಮೊದಲು ಆ ಓಣಿಗಳ ಆಶಾ ಕಾರ್ಯಕರ್ತೆಗೆ ಫೋನ್ ಮಾಡಿ. ಹೆಸರುಗಳು ನಿಮ್ಮ ರಿಜಿಸ್ಟರಿನಲ್ಲಿಯೇ ಇವೆ.

ಇನ್ನು ಬರಹಕ್ಕೆ ಬರೋಣ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಿತು. ಅದರ ಬಣ್ಣ, ಡಬ್ಬಿ ಮತ್ತು ಕಡ್ಡಿ ತಳಿಗಳ ಗುಣ, ದರದ ಏರಿಳಿತ ಎಲ್ಲವೂ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತವೆ. ಆ ರಾಶಿಯ ಮುಂದೆ ದಿನವಿಡೀ ಕೂರುವವರ ಎದೆಯ ಬಗ್ಗೆ ಕೇಳುವವರು ವಿರಳ. ನೀವು ಕೇಳಿದ್ದೀರಿ. ನಾಲ್ಕನೆಯ ಪುಟದಲ್ಲಿ ಮೂರು ವಾಕ್ಯಗಳಿವೆ: ಕೈಗೆ ಎಣ್ಣೆ ಸವರಿಕೊಂಡು ಕೂರುವುದು, ಸೆರಗನ್ನೇ ಬಾಯಿಗೆ ಸುತ್ತಿಕೊಳ್ಳುವುದು, ಪಕ್ಕದ ಕಂಬಕ್ಕೆ ಕಟ್ಟಿದ ಸೀರೆಯ ಜೋಲಿಯಲ್ಲಿ ಹಸುಗೂಸು ಅದೇ ಘಾಟಿನಲ್ಲಿ ಸೀನುತ್ತಾ ಮಲಗಿರುವುದು. ಪ್ರಬಂಧದ ಜೀವ ಅಲ್ಲಿದೆ. ಅದನ್ನು ಪೀಠಿಕೆಗೆ ತನ್ನಿ. ಜಗತ್ತಿನ ಮಸಾಲೆ ವ್ಯಾಪಾರದ ಕುರಿತ ಒಂದೂವರೆ ಪುಟ ತೆಗೆದುಹಾಕಿ.

ದೊಡ್ಡ ದೋಷ ಶೀರ್ಷಿಕೆಯಲ್ಲಿಯೇ ಇದೆ. ಮೆಣಸಿನ ಧೂಳು ಶ್ವಾಸಕೋಶದ ಕಾಯಿಲೆಗೆ ‘ಕಾರಣ’ ಎಂದು ಘೋಷಿಸಿದ್ದೀರಿ. ನೀವು ಮಾಡಿದ್ದು ಒಂದೇ ಹೊತ್ತಿನಲ್ಲಿ ಒಂದು ಗುಂಪನ್ನು ನೋಡಿದ ಅಡ್ಡಛೇದ ಅಧ್ಯಯನ. ಹೋಲಿಕೆಗೆ ಇನ್ನೊಂದು ಗುಂಪೇ ಇಲ್ಲ. ಇದೇ ಮಹಿಳೆಯರಲ್ಲಿ ಹಲವರು ಬೆಳಗ್ಗೆ ಕಟ್ಟಿಗೆಯ ಒಲೆ ಊದಿ ಬಂದವರು ಎಂದು ನಿಮ್ಮ ಪ್ರಶ್ನಾವಳಿಯೇ ಹೇಳುತ್ತದೆ. ಕೆಮ್ಮು ಒಲೆಯದೋ ಮೆಣಸಿನದೋ ಹೇಗೆ ಬೇರ್ಪಡಿಸುತ್ತೀರಿ? ಅದೇ ಓಣಿಯ, ಅದೇ ವಯಸ್ಸಿನ, ಅದೇ ಒಲೆಯಲ್ಲಿ ಅಡುಗೆ ಮಾಡಿ ಹೊಲದ ಕೂಲಿಗೆ ಹೋಗುವ ಮಹಿಳೆಯರನ್ನು ಜೊತೆಗೆ ಅಳೆದಿದ್ದರೆ ಮಾತಿಗೆ ತೂಕ ಬರುತ್ತಿತ್ತು.

ಇದಕ್ಕಿಂತ ಸೂಕ್ಷ್ಮವಾದ ಸಂಗತಿ ಇನ್ನೊಂದಿದೆ, ಅದನ್ನು ನೀವು ಗಮನಿಸಿದಂತಿಲ್ಲ. ನೀವು ಮಾತಾಡಿಸಿದ್ದು ಆ ದಿನ ಕೆಲಸಕ್ಕೆ ಬಂದವರನ್ನು. ದಮ್ಮು ಹತ್ತಿ ಕೆಲಸ ಬಿಟ್ಟವರು ಮನೆಯಲ್ಲಿದ್ದಾರೆ. ಘಾಟು ತಡೆಯಬಲ್ಲವರು ಮಾತ್ರ ರಾಶಿಯ ಮುಂದೆ ಉಳಿದಿದ್ದಾರೆ. ಹಾಗಾಗಿ ನಿಮ್ಮ ಅಂಕಿ ಇರುವ ತೊಂದರೆಗಿಂತ ಕಡಿಮೆಯನ್ನೇ ತೋರಿಸುತ್ತಿರಬಹುದು. ಕೆಲಸ ಬಿಟ್ಟವರ ಮನೆಗಳನ್ನು ಹುಡುಕಿಕೊಂಡು ಹೋಗಿ. ಅವರ ಮಾತಿಲ್ಲದೆ ಈ ಪ್ರಬಂಧ ಅರ್ಧ.

ಊದಿದ ಉಸಿರಿನ ವೇಗ ಅಳೆಯುವ ಪೀಕ್ ಫ್ಲೋ ಮೀಟರ್ ಬಳಸಿದ್ದು ಒಳ್ಳೆಯದು. ಆದರೆ ಎಷ್ಟು ಸಲ ಊದಿಸಿದಿರಿ, ನಿಂತೋ ಕುಳಿತೋ, ಯಾವ ಹೊತ್ತಿನಲ್ಲಿ ಎಂಬುದಿಲ್ಲ. ಮೂರು ಸಲ ಊದಿಸಿ ಹೆಚ್ಚಿನದನ್ನು ಬರೆದುಕೊಳ್ಳುವುದು ರೂಢಿ. ಮುಂದಿನ ಹಂಗಾಮಿನಲ್ಲಿ ಅದೇ ಮಹಿಳೆಯನ್ನು ಬೆಳಗ್ಗೆ ಕೆಲಸಕ್ಕೆ ಕೂರುವ ಮೊದಲು ಮತ್ತು ಸಂಜೆ ಏಳುವಾಗ ಅಳೆಯಿರಿ. ಸಾಮಾನ್ಯವಾಗಿ ಈ ಅಳತೆ ನಸುಕಿನಲ್ಲಿ ಕಡಿಮೆಯಿದ್ದು ಹಗಲು ಏರುತ್ತದೆ. ಏರಬೇಕಾದ ಹೊತ್ತಿನಲ್ಲಿ ಇಳಿದರೆ ಆ ಒಂದು ಕೋಷ್ಟಕ ನಿಮ್ಮ ಈಗಿನ ಆರು ಕೋಷ್ಟಕಗಳಿಗಿಂತ ಗಟ್ಟಿಯಾಗಿ ಮಾತಾಡುತ್ತದೆ.

ಸಣ್ಣವು ಕೆಲವಿವೆ. ನಿಜವಾದ ವ್ಯತ್ಯಾಸವಿಲ್ಲದಿದ್ದರೂ ಇಂಥ ಫಲಿತಾಂಶ ಆಕಸ್ಮಿಕವಾಗಿ ಬರುವ ಸಂಭವವನ್ನು ಹೇಳುವ ಪಿ ಮೌಲ್ಯ 0.000 ಎಂಬುದಿಲ್ಲ, 0.001ಕ್ಕಿಂತ ಕಡಿಮೆ ಎಂದು ಬರೆಯಿರಿ. ಇಷ್ಟು ಚಿಕ್ಕ ಗುಂಪಿಗೆ ಶೇಕಡಾವಾರಿನ ಮುಂದೆ ಎರಡು ದಶಮಾಂಶ ಬೇಡ. ಇಂಥ ಅಧ್ಯಯನದ ವರದಿಯಲ್ಲಿ ಏನೇನಿರಬೇಕೆಂದು ಹೇಳುವ, 2007ರಲ್ಲಿ ಪ್ರಕಟವಾದ ಸ್ಟ್ರೋಬ್ ಪಟ್ಟಿಯಲ್ಲಿ 22 ಅಂಶಗಳಿವೆ. ಒಂದೊಂದಕ್ಕೂ ಪುಟದ ಸಂಖ್ಯೆ ನಮೂದಿಸಿ ಲಗತ್ತಿಸಿ. ನೈತಿಕ ಸಮಿತಿಯ ಅನುಮತಿ ಪತ್ರದ ಸಂಖ್ಯೆ ಕಾಣೆಯಾಗಿದೆ.

ಒಪ್ಪಿಗೆಯ ವಿಷಯ ಮಾತ್ರ ಸಣ್ಣದಲ್ಲ. ವ್ಯಾಪಾರಿಯ ಗುಮಾಸ್ತ ಎದುರಿಗೆ ನಿಂತಿರುವಾಗ ಹೆಬ್ಬೆಟ್ಟು ಒತ್ತಿಸಿಕೊಂಡಿರುವುದಾಗಿ ನೀವೇ ಬರೆದಿದ್ದೀರಿ. ನಾಳೆಯ ಕೂಲಿ ಕೊಡುವವನ ಕಣ್ಣೆದುರು ‘ಒಲ್ಲೆ’ ಎನ್ನಲು ಯಾರಿಗೆ ಧೈರ್ಯವಿದೆ? ಓದು ಬರಹ ಬಾರದವರಿಗೆ ವಿವರಿಸುವಾಗ ನಿಷ್ಪಕ್ಷಪಾತಿಯಾದ ಸಾಕ್ಷಿ ಇರಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಹೇಳುತ್ತದೆ. ಗುಮಾಸ್ತ ಅಂಥವನಲ್ಲ. ಮುಂದಿನ ಸಲ ಅವರ ಮನೆಯಂಗಳದಲ್ಲಿ ಕೇಳಿ.

ಲೇಖಕರ ಪಟ್ಟಿಯಲ್ಲಿ ಐದು ಹೆಸರುಗಳಿವೆ. ವೈದ್ಯಕೀಯ ಪತ್ರಿಕಾ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯ ನಾಲ್ಕು ಷರತ್ತುಗಳನ್ನೂ ಪೂರೈಸಿದವರು ಮಾತ್ರ ಲೇಖಕರು. ವಿಭಾಗದ ಹಿರಿಯರೆಂಬ ಗೌರವಕ್ಕೆ ಅಲ್ಲಿ ಜಾಗವಿಲ್ಲ. ಇದನ್ನು ಹಿರಿಯರಿಗೆ ಹೇಳುವುದು ಕಷ್ಟವೆಂದು ಗೊತ್ತು. ಪತ್ರಿಕೆಯೇ ಕೇಳುತ್ತಿದೆ ಎಂದು ನನ್ನ ಪತ್ರ ತೋರಿಸಿ. ಮನೆಮನೆಗೆ ನಿಮ್ಮನ್ನು ಕರೆದೊಯ್ದ ಆಶಾ ಕಾರ್ಯಕರ್ತೆಯ ಹೆಸರು ಕೃತಜ್ಞತೆಯಲ್ಲಿಯೂ ಇಲ್ಲ. ಅವರನ್ನು ಕೇಳಿ, ಒಪ್ಪಿದರೆ ಸೇರಿಸಿ.

ಪ್ರಬಂಧದ ಜೊತೆ ನೀವು ಕಳುಹಿಸಿದ ಪತ್ರದ ಕೊನೆಯ ಸಾಲು ನನ್ನನ್ನು ಕಳವಳಗೊಳಿಸಿತು. ಹಣ ಕಟ್ಟಿದರೆ ವಾರದೊಳಗೆ ಪ್ರಕಟಿಸುವ ಪತ್ರಿಕೆಯೊಂದು ಕಾದಿದೆ ಎಂದಿದ್ದೀರಿ. ಬಡ್ತಿಗೆ ಪ್ರಕಟಣೆ ಬೇಕೆಂಬ ಒತ್ತಡ ಅರ್ಥವಾಗುತ್ತದೆ. ಆದರೆ ವಾರದೊಳಗೆ ವಿಷಯ ತಜ್ಞರು ಓದಿ, ಪ್ರಶ್ನೆ ಕೇಳಿ, ನೀವು ತಿದ್ದುವುದು ಆಗದ ಮಾತು. ಮುಕ್ತ ಪ್ರವೇಶ ಎಂದರೆ ಓದುಗ ಹಣ ಕೊಡದೆ ಓದಬಹುದು ಎಂದರ್ಥ. ಲೇಖಕ ಹಣ ಕೊಟ್ಟು ಜಾಗ ಕೊಳ್ಳಬಹುದು ಎಂದಲ್ಲ. ಶುಲ್ಕ ಕೇಳುವ ಪತ್ರಿಕೆಗಳಲ್ಲಿಯೂ ಪ್ರಾಮಾಣಿಕವಾದವು ಬೇಕಾದಷ್ಟಿವೆ, ಓದುಗನಿಂದಲೂ ಲೇಖಕನಿಂದಲೂ ಏನೂ ಪಡೆಯದವೂ ಇವೆ. ಮುಕ್ತ ಪ್ರವೇಶದ ಪತ್ರಿಕೆಗಳನ್ನು ಪರಿಶೀಲಿಸಿ ಸೇರಿಸಿಕೊಳ್ಳುವ, 2003ರಿಂದ ನಡೆಯುತ್ತಿರುವ ಡಿಒಎಜೆ ಪಟ್ಟಿಯಲ್ಲಿ ಆ ಪತ್ರಿಕೆ ಇದೆಯೇ ನೋಡಿ. ಸಂಪಾದಕ ಮಂಡಳಿಯಲ್ಲಿ ಹೆಸರಿರುವ ಒಬ್ಬರಿಗೆ ಪತ್ರ ಬರೆದು ವಿಚಾರಿಸಿ. ತಮ್ಮ ಹೆಸರು ಅಲ್ಲಿರುವುದೇ ಗೊತ್ತಿಲ್ಲದವರೂ ಸಿಗುತ್ತಾರೆ. ಏನೇ ಆಗಲಿ, ಒಂದೇ ಪ್ರಬಂಧವನ್ನು ಏಕಕಾಲಕ್ಕೆ ಎರಡು ಕಡೆ ಕೊಡಬೇಡಿ.

ಹೋಲಿಕೆಯ ಗುಂಪಿಗಾಗಿ ಮುಂದಿನ ಹಂಗಾಮಿನವರೆಗೆ ಕಾಯಲು ಆಗದಿದ್ದರೆ, ‘ಕಾರಣ’ ಎಂಬುದನ್ನು ಬಿಟ್ಟು ಕಂಡದ್ದನ್ನಷ್ಟೇ ಹೇಳುವ ಕಿರುವರದಿಯಾಗಿ ಕೊಡಿ. ಒಪ್ಪಿಗೆಯ ಲೋಪವನ್ನು ನಿಮ್ಮ ನೈತಿಕ ಸಮಿತಿಯ ಮುಂದಿಟ್ಟು, ಮತ್ತೆ ಒಪ್ಪಿಗೆ ಕೊಟ್ಟವರ ಮಾಹಿತಿಯನ್ನು ಮಾತ್ರ ಉಳಿಸಿಕೊಂಡರೆ ವಿಮರ್ಶಕರಿಗೆ ಕಳುಹಿಸಲು ನಾನು ಸಿದ್ಧ. ಆದರೆ ಮೂರನೆಯ ಕೋಷ್ಟಕ ಇರಕೂಡದು. ಅದರಲ್ಲಿ ಓಣಿ, ವಯಸ್ಸು, ಮಕ್ಕಳ ಸಂಖ್ಯೆ, ಯಾವ ವ್ಯಾಪಾರಿಯ ಅಂಗಳ ಎಂಬುದೆಲ್ಲ ಸಾಲಾಗಿ ಇದೆ. ಬ್ಯಾಡಗಿಯಷ್ಟು ಚಿಕ್ಕ ಊರಿನಲ್ಲಿ ಇಷ್ಟು ಹೇಳಿದರೆ ಹೆಸರನ್ನೇ ಬರೆದಂತೆ. ಮುಕ್ತ ಪತ್ರಿಕೆಯನ್ನು ಆ ವ್ಯಾಪಾರಿಯೂ ಮೊಬೈಲಿನಲ್ಲಿ ತೆರೆದು ನೋಡಬಹುದು, ಯಾರು ದೂರು ಹೇಳಿದರೆಂದು ಹುಡುಕಬಹುದು. ವಯಸ್ಸನ್ನು ಹತ್ತು ವರ್ಷಗಳ ಗುಂಪುಗಳಾಗಿ ಮಾಡಿ, ಓಣಿ ಮತ್ತು ಅಂಗಳ ಎರಡನ್ನೂ ಅಳಿಸಿ, ಮೂಲ ಮಾಹಿತಿಯ ಕಡತದಲ್ಲಿಯೂ ಹಾಗೆಯೇ ಮಾಡಿ ಕಳುಹಿಸಿ.

ನಿಮ್ಮ ವಿಶ್ವಾಸಿ,
ಸಂಪಾದಕ
ಧಾರವಾಡ