ಬಳ್ಳಾಪುರದಲ್ಲಿ ಮನೆ ಮಾಡುವ ಮುನ್ನ

ಯಶವಂತಪುರದ ಓದುಗರೊಬ್ಬರು ಬರೆಯುತ್ತಾರೆ: "ಬಾಡಿಗೆ ಕಟ್ಟಿ ಸಾಕಾಗಿದೆ. ದೊಡ್ಡಬಳ್ಳಾಪುರದ ಹೊರಗೆ, ಹೆದ್ದಾರಿ ಪಕ್ಕದ ಬಡಾವಣೆಯಲ್ಲಿ ಮೂವತ್ತು-ನಲವತ್ತರ ಸೈಟು ನೋಡಿದ್ದೇವೆ. ಕೆಲಸಕ್ಕೆ ರೈಲಿನಲ್ಲಿ ಓಡಾಡುವ ಲೆಕ್ಕಾಚಾರ. ಮನೆಯವರು ಒಪ್ಪುತ್ತಿಲ್ಲ. 'ಅಲ್ಲಿ ಏನಿದೆ? ರಾತ್ರಿ ಮಲಗುವುದಕ್ಕೆ ಅಷ್ಟು ದೂರ ಯಾಕೆ?' ಅನ್ನುತ್ತಾರೆ. ನೀವೇನು ಹೇಳುತ್ತೀರಿ?"

ನಿಮ್ಮ ಮನೆಯವರ ಮಾತಿನಲ್ಲಿ ಹುರುಳಿದೆ. ಹೃದಯಕ್ಕೋ ನರಕ್ಕೋ ದೊಡ್ಡ ತಜ್ಞರೇ ಬೇಕೆಂದರೆ ಯಲಹಂಕದ ಕಡೆಗೇ ಹೊರಡಬೇಕು. ಅಷ್ಟು ಒಪ್ಪಿಕೊಂಡು ಮುಂದಕ್ಕೆ ಹೋಗುತ್ತೇನೆ. ಏಕೆಂದರೆ ನನ್ನ ತಕರಾರು ಇರುವುದು ಅವರ ಜೊತೆಗಲ್ಲ, ನಿಮ್ಮ ಜೊತೆ. ದೊಡ್ಡಬಳ್ಳಾಪುರಕ್ಕೆ ಹೋಗುತ್ತೇನೆ ಅನ್ನುತ್ತೀರಿ, ಸೈಟು ಮಾತ್ರ ದೊಡ್ಡಬಳ್ಳಾಪುರದಲ್ಲಿ ನೋಡಿಲ್ಲ!

ಸ್ವಾಮಿ, ರೈಲು ನಂಬಿದವರು ನಿಲ್ದಾಣಕ್ಕೆ ನಡೆದು ಹೋಗುವಷ್ಟು ದೂರದಲ್ಲಿ ಮನೆ ಮಾಡಬೇಕು. ಹೆದ್ದಾರಿ ಪಕ್ಕದಿಂದ ನಿಲ್ದಾಣಕ್ಕೆ ಬೆಳಗ್ಗೆ ಒಂದು ಆಟೊ, ರಾತ್ರಿ ಇನ್ನೊಂದು ಆಟೊ ಅಂದರೆ ಸೀಸನ್ ಟಿಕೆಟಿನಲ್ಲಿ ಉಳಿಸಿದ ದುಡ್ಡು ಅಲ್ಲೇ ಕರಗುತ್ತದೆ. ತಿಂಗಳ ಪಾಸು ಅಗ್ಗವೇನೋ ಹೌದು, ಸುಮಾರು ಹದಿನೈದು ಸಲದ ಟಿಕೆಟ್ ಹಣಕ್ಕೆ ತಿಂಗಳಿಡೀ ಓಡಾಟ. ಆದರೆ ಅದನ್ನು ಹಿಡಿದು ರಿಸರ್ವೇಶನ್ ಬೋಗಿ ಹತ್ತಿದರೆ ದಂಡ ಕಟ್ಟಬೇಕಾಗುತ್ತದೆ. ಇನ್ನೊಂದು ವಿಷಯ: ಯಲಹಂಕದಲ್ಲಿ ಹಳಿ ಕವಲೊಡೆಯುತ್ತದೆ. ಎಲ್ಲ ಗಾಡಿಯೂ ಯಶವಂತಪುರಕ್ಕೆ ಬರುವುದಿಲ್ಲ, ಕೆಲವು ಚನ್ನಸಂದ್ರದ ಕಡೆ ತಿರುಗುತ್ತವೆ. ಸೈಟಿಗೆ ಮುಂಗಡ ಕೊಡುವ ಮೊದಲು ವೇಳಾಪಟ್ಟಿ ಹಿಡಿದು, ನಿಮ್ಮ ಆಫೀಸು ಬಿಡುವ ಹೊತ್ತಿನ ನಂತರ ಎಷ್ಟು ಗಾಡಿ ಇವೆ ಎಣಿಸಿ. ಒಂದೇ ಇದ್ದರೆ ಅದು ತಪ್ಪಿದ ದಿನ ರಾಜಾನುಕುಂಟೆ ದಾರಿಯ ಬಸ್ಸೇ ಗತಿ.

ಇನ್ನು ಕಾಗದಪತ್ರ. ಊರ ಹೊರಗಿನ ಸೈಟು ನಗರಸಭೆಯದೋ, ಬಾಶೆಟ್ಟಿಹಳ್ಳಿ ಪಟ್ಟಣ ಪಂಚಾಯಿತಿಯದೋ, ಗ್ರಾಮ ಪಂಚಾಯಿತಿಯದೋ ಮೊದಲು ತಿಳಿಯಿರಿ. ಬೀದಿದೀಪ ಕೆಟ್ಟಾಗ ಯಾರ ಬಾಗಿಲು ತಟ್ಟಬೇಕು ಅನ್ನುವುದು ಅದರ ಮೇಲೆ ನಿಂತಿದೆ. ಏಜೆಂಟರು "ಎಲ್ಲ ಕ್ಲಿಯರ್ ಇದೆ ಸಾರ್" ಅನ್ನುತ್ತಾರೆ. ನೀವು ಭೂಪರಿವರ್ತನೆ ಆದೇಶ, ಯೋಜನಾ ಪ್ರಾಧಿಕಾರ ಒಪ್ಪಿದ ಬಡಾವಣೆ ನಕ್ಷೆ, ಸೈಟು ಬಿಡುಗಡೆ ಆದೇಶ, ಇ-ಖಾತೆ, ಇಸಿ (ಋಣಭಾರ ಪತ್ರ) ಕೇಳಿ. ಪಂಚಾಯಿತಿ ಸ್ವತ್ತಿಗೆ ನಮೂನೆ 11ಬಿ ತೋರಿಸಿದರೆ ಅದು ಅನುಮೋದನೆ ಇಲ್ಲದ ಬಡಾವಣೆ ಎಂದೇ ಲೆಕ್ಕ, ಬ್ಯಾಂಕಿನವರು ಸಾಲಕ್ಕೆ ಮುಖ ತಿರುಗಿಸುತ್ತಾರೆ. ಸರ್ವೆ ನಂಬರಿನ ಹಳೆಯ ಪಹಣಿಯಲ್ಲಿ ಬಿ ಖರಾಬು (ದಾರಿ, ಹಳ್ಳದಂಥ ಸಾರ್ವಜನಿಕ ಜಾಗ) ಎಷ್ಟು ಗುಂಟೆ ಇದೆ, ಗ್ರಾಮ ನಕ್ಷೆಯಲ್ಲಿ ಕಾಲುವೆ ಎಲ್ಲಿ ಹಾದಿದೆ ನೋಡಿ. ಆಗಸ್ಟ್-ಸೆಪ್ಟೆಂಬರ್ ಮಳೆಯಲ್ಲಿ ಮನೆಯೊಳಗೆ ನೀರು ಬರುವುದು ಇವನ್ನು ನೋಡದವರಿಗೆ.

ಊರೊಳಗೇ ಹಳೆ ಮನೆ ನೋಡಿದರೆ ಎಚ್ಚರಿಕೆ ಬೇರೆ. ದೊಡ್ಡಬಳ್ಳಾಪುರ ನೇಕಾರರ ಊರು. ಪಕ್ಕದ ಮನೆಯಲ್ಲಿ ವಿದ್ಯುತ್ ಮಗ್ಗ ಇದೆಯೇ ಎಂದು ಕೇಳಿ ಸುಮ್ಮನಾಗಬೇಡಿ, ಕರೆಂಟು ಇರುವ ಹೊತ್ತಿನಲ್ಲಿ ಹೋಗಿ ನಡುಗೋಡೆಗೆ ಅಂಗೈ ಒತ್ತಿ ನೋಡಿ. ಮಗ್ಗವನ್ನು ನೆಲಕ್ಕೆ ಬೋಲ್ಟು ಹಾಕಿ ಬಿಗಿದಿರುತ್ತಾರೆ. ಎರಡು ಮನೆಗೂ ಒಂದೇ ಗೋಡೆಯಾದರೆ ಅದುರು ನಿಮ್ಮ ಗಾರೆಗೂ ಬರುತ್ತದೆ. ಕರೆಂಟು ಹೋದಾಗ ಮನೆ ನೋಡಿ ಒಪ್ಪಿಕೊಂಡು, ಬಾಡಿಗೆಗೆ ಬಂದ ಮೇಲೆ ನೇಕಾರರ ಜೊತೆ ಜಗಳ ಕಾಯುವವರಿದ್ದಾರೆ. ತಪ್ಪು ಮಗ್ಗದ್ದಲ್ಲ. ಅದು ಅವರ ಅನ್ನ, ನಿಮಗಿಂತ ಮೊದಲು ಬಂದದ್ದು.

ನೀರಿನ ಲೆಕ್ಕ ಹೀಗೆ. ತಲೆಗೆ ದಿನಕ್ಕೆ 135 ಲೀಟರಿನಂತೆ ನಾಲ್ಕು ಜನರಿಗೆ 540. ನಲ್ಲಿ ವಾರಕ್ಕೊಮ್ಮೆಯಷ್ಟೇ ಬಂದರೆ 3,780 ಲೀಟರ್ ಹಿಡಿದಿಡಬೇಕು. ಆರಡಿ ಉದ್ದ, ಆರಡಿ ಅಗಲ, ಆರಡಿ ಆಳದ ಸಂಪಿನಲ್ಲಿ, ಮೇಲೆ ಅರ್ಧ ಅಡಿ ಬಿಟ್ಟರೂ, 5,600 ಲೀಟರ್ ನಿಲ್ಲುತ್ತದೆ. ಅದಕ್ಕಿಂತ ಚಿಕ್ಕದು ಬೇಡ. ಟ್ಯಾಂಕರು ತರಿಸಿದ ದಿನ ಸಂಪು ತುಂಬಿ ಉಳಿದ ನೀರಿಗೂ ದುಡ್ಡು ಕೊಡಬೇಕಾಗುತ್ತದೆ. ಕೊಳವೆಬಾವಿ ನೀರು ಗಡಸು, ಗೀಸರಿನ ಕಾಯಿಲಿಗೆ ಬಿಳಿ ಹೊಪ್ಪಳೆ ಕಟ್ಟುತ್ತದೆ. ಅದಕ್ಕೇ ಮಳೆ ನೀರನ್ನು ಸುಮ್ಮನೆ ಹರಿದುಹೋಗಲು ಬಿಡಬೇಡಿ. ಸಾವಿರ ಚದರಡಿ ತಾರಸಿಯ ಮೇಲೆ 10 ಮಿ.ಮೀ. ಮಳೆ ಬಿದ್ದರೆ 930 ಲೀಟರ್, ಪೋಲಾದದ್ದು ಕಳೆದು 750 ಸಿಗುತ್ತದೆ. ಇಳಿಪೈಪಿನ ತುದಿಗೆ ಮುಚ್ಚಳ ಹಾಕಿಸಿ, ಮೊದಲ ಮಳೆಯ ಕೊಳೆ ನೀರು ಅಲ್ಲಿಂದ ಹೊರಗೆ ಹೋಗಲಿ. ಆ ಮುಚ್ಚಳ ತೆಗೆಯುವುದನ್ನು ಮರೆತವರೇ ಫಿಲ್ಟರು ಕಟ್ಟಿಕೊಂಡಿತು ಎಂದು ದೂರುವುದು.

ನೀರಿನ ಮಾತು ಬಂತಲ್ಲ, "ಅಲ್ಲಿ ಏನಿದೆ" ಎಂಬ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ. ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿ ಈ ತಾಲ್ಲೂಕಿನ ಕೆರೆಗಳನ್ನು ಹಾದು ಹೆಸರಘಟ್ಟಕ್ಕೆ ಇಳಿಯುತ್ತದೆ. ಹತ್ತೊಂಬತ್ತನೇ ಶತಮಾನದ ಕೊನೆಯಿಂದ ಬೆಂಗಳೂರು ಕೊಳಾಯಿ ತಿರುಗಿಸಿ ಕುಡಿದದ್ದು ಆ ಹೆಸರಘಟ್ಟದ ನೀರನ್ನೇ. ಕುಡಿದ ಋಣಕ್ಕೆ ಮಹಾನಗರ ತಿರುಗಿ ಕಳಿಸಿದ್ದೇನು? ಕಸದ ಲಾರಿ! ಇದೇ ತಾಲ್ಲೂಕಿನ ಚಿಗರೇನಹಳ್ಳಿಯ ಜನ ಆ ಕಸದ ನಾತ ತಾಳಲಾರದೆ ರಸ್ತೆಗಿಳಿದದ್ದು ಪತ್ರಿಕೆ ಓದುವ ನಿಮಗೆ ಗೊತ್ತೇ ಇರಬೇಕು. ಉಪನಗರ ರೈಲಿನ ಕಥೆಯೂ ಅದೇ. 2020ರಲ್ಲಿ ಒಪ್ಪಿಗೆ ಸಿಕ್ಕಿದ 148 ಕಿ.ಮೀ. ಯೋಜನೆಯ ಕನಕ ಮಾರ್ಗ ಹೀಲಲಿಗೆಯಿಂದ ಹೊರಟು ರಾಜಾನುಕುಂಟೆಯಲ್ಲಿ ನಿಂತುಬಿಡುತ್ತದೆ. ಅದೇ ಹಳಿಯ ಮೇಲೆ ಮುಂದೆ ಸಿಗುವ ಊರು ನಮ್ಮ ದೊಡ್ಡಬಳ್ಳಾಪುರ. ಲಾರಿಗಳಿಗೆ ದಾಬಸ್‌ಪೇಟೆಯಿಂದ ಹೊಸಕೋಟೆವರೆಗಿನ ವರ್ತುಲ ಹೆದ್ದಾರಿ 2024ರಲ್ಲಿ ತೆರೆದುಕೊಂಡಿತು. ಪಾಸು ಹಿಡಿದು ನಿಂತ ಗುಮಾಸ್ತನಿಗೆ ಮಾತ್ರ ಉಪನಗರ ರೈಲಿಲ್ಲ.

ಇದನ್ನೆಲ್ಲ ಕೇಳುವವರು ಯಾರು? ಬಡಾವಣೆಗೆ ಬಂದವರ ಮನೆ ಇಲ್ಲಿ, ಓಟು ಮಲ್ಲೇಶ್ವರದಲ್ಲೋ ಹುಟ್ಟೂರಲ್ಲೋ. ನಗರಸಭೆಯಲ್ಲಿ 31 ವಾರ್ಡುಗಳಿವೆ, ಸದಸ್ಯರ ಕಣ್ಣು ಪಟ್ಟಿಯಲ್ಲಿ ಹೆಸರಿರುವವರ ಮೇಲೆ. ನಗರಸಭೆ ವ್ಯಾಪ್ತಿಯಲ್ಲಿ, ಸ್ಟೇಷನ್ನಿಗೂ ಪೇಟೆಗೂ ಹತ್ತಿರದಲ್ಲಿ ಒಂದು ವರ್ಷ ಬಾಡಿಗೆಗಿರಿ. ಬೇಸಿಗೆಯೊಂದು, ಮಳೆಗಾಲವೊಂದು ಕಳೆಯಲಿ, ಮನೆಯವರೂ ಸಂತೆ, ಔಷಧಿ ಅಂಗಡಿ, ಶಾಲೆ ಎಲ್ಲ ನೋಡಲಿ. ಹೆದ್ದಾರಿ ಪಕ್ಕದ ಸೈಟಿನ ಮುಂಗಡ ಅಲ್ಲಿಯವರೆಗೂ ಜೇಬಿನಲ್ಲೇ ಇರಲಿ. ಸಾಮಾನು ಇಳಿಸಿದ ವಾರವೇ ವಿಳಾಸ ಬದಲಾವಣೆಗೆ ಮತದಾರರ ಪಟ್ಟಿಯ ನಮೂನೆ 8 ತುಂಬಿ. ಹೊಸಬರಿಗೆ ಇರುವ ನಮೂನೆ 6 ತುಂಬಿದರೆ ಹೆಸರು ಎರಡು ಕಡೆ ಕೂತು ತಕರಾರಾಗುತ್ತದೆ.

– ಸಂ.