ಕೆರೆ ಉಳಿಸುವ ವಾಟ್ಸ್‌ಆ್ಯಪ್ ಗುಂಪಿನ ಚರ್ಚೆ ದಾರಿ ತಪ್ಪದಂತೆ ನೋಡಿಕೊಳ್ಳುವುದು ಹೇಗೆ?

ನಿಮ್ಮ ಬಡಾವಣೆಯ ಕೆರೆಗಾಗಿ ಕಟ್ಟಿಕೊಂಡ ಗುಂಪಿನಲ್ಲಿ ಮುನ್ನೂರಕ್ಕೂ ಹೆಚ್ಚು ಜನರಿದ್ದಾರೆ, ಬೆಳಗಾದರೆ ಶುಭೋದಯದ ಚಿತ್ರಗಳು, ಸಂಜೆಯಾದರೆ ಪಕ್ಷ ರಾಜಕೀಯದ ಜಗಳ, ಕೆಲಸ ಮಾಡುತ್ತಿದ್ದವರು ಒಬ್ಬೊಬ್ಬರಾಗಿ ಸುಮ್ಮನಾಗುತ್ತಿದ್ದಾರೆ, ಅಡ್ಮಿನ್‌ಗಳು ಮಾತ್ರ ಬರೆಯುವಂತೆ ಮಾಡಿಬಿಡೋಣವೇ ಎಂದು ಕೇಳಿದ್ದೀರಿ. ಬೆಂಗಳೂರಿನ ಅಂಚಿನ ಒಂದು ಕೆರೆಯ ಗುಂಪನ್ನು ನಾನು ಹಲವು ವರ್ಷಗಳಿಂದ ನೋಡಿಕೊಳ್ಳುತ್ತಿದ್ದೇನೆ. ದಯವಿಟ್ಟು ಬಾಯಿ ಮುಚ್ಚಿಸಬೇಡಿ. ಶುಭೋದಯದಿಂದ ಯಾವ ಗುಂಪೂ ಸತ್ತಿದ್ದನ್ನು ನಾನು ನೋಡಿಲ್ಲ. ಆಡಿದ ಮಾತು ಯಾವ ಕಚೇರಿಯ ಮೇಜಿಗೂ ತಲುಪದೆ ಹೋದಾಗ ಗುಂಪು ಸಾಯುತ್ತದೆ. ಯಾವುದೇ ಚರ್ಚೆ ಶುರುವಾದೊಡನೆ ಯಾರಾದರೂ ಮೂರು ಪ್ರಶ್ನೆ ಕೇಳಬೇಕು: ಇದು ಯಾರಿಗೆ ಹೋಗಬೇಕು, ಯಾವ ದಿನಾಂಕದೊಳಗೆ, ಬರೆಯುವವರು ಯಾರು? ಉತ್ತರ ಸಿಕ್ಕಿದರೆ ಅದು ಕೆಲಸ, ಸಿಗದಿದ್ದರೆ ಹರಟೆ. ಹರಟೆಗೂ ಜಾಗ ಬೇಕು, ಅದು ಬೇರೆ ಕಡೆ ಇರಲಿ.

ಒಂದು ಬೆಳಗಿನ ಸಂಗತಿ ಹೇಳುತ್ತೇನೆ. ಬೇಸಿಗೆಯ ಮೊದಲ ಜೋರು ಮಳೆ ಬಂದ ಮರುದಿನ ನಮ್ಮ ಕೆರೆಯಲ್ಲಿ ಮೀನು ಸತ್ತು ತೇಲಿದವು. ರಾಜಕಾಲುವೆಯಲ್ಲಿ ತಿಂಗಳುಗಟ್ಟಲೆ ಕೊಳೆತು ನಿಂತದ್ದನ್ನೆಲ್ಲ ಮಳೆನೀರು ಒಮ್ಮೆಲೇ ಕೆರೆಗೆ ನೂಕಿದಾಗ ನೀರಿನಲ್ಲಿ ಕರಗಿರುವ ಆಮ್ಲಜನಕ ಕುಸಿಯುತ್ತದೆ. ಮೀನುಗಾರಿಕೆಗೆ ಯೋಗ್ಯವಾದ ನೀರಿನಲ್ಲಿ ಅದು ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಇರಬೇಕೆಂಬುದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾನದಂಡ. ಅದು ಅತ್ಯಂತ ಕಡಿಮೆ ಇರುವುದು ನಸುಕಿನಲ್ಲಿ. ಬಿಸಿಲೇರಿದಂತೆ ನೀರಿನಲ್ಲಿರುವ ಪಾಚಿ ಆಮ್ಲಜನಕ ಬಿಡತೊಡಗುತ್ತದೆ, ಪ್ರಮಾಣ ಮತ್ತೆ ಏರುತ್ತದೆ. ಬೆಳಗ್ಗೆ ಮೀನು ಸತ್ತ ಕೆರೆಯಿಂದ ಮಧ್ಯಾಹ್ನ ನೀರಿನ ಮಾದರಿ ತೆಗೆದರೆ ವರದಿ ಚೆನ್ನಾಗಿಯೇ ಬಂದೀತು. ಹಾಗಾಗಿ ಆ ದಿನ ನಮ್ಮ ಕೈಯಲ್ಲಿದ್ದದ್ದು ಕೆಲವೇ ಗಂಟೆಗಳು.

ಗುಂಪಿನಲ್ಲಿ ಮೊದಲ ಫೋಟೊ ಬಿದ್ದದ್ದೇ ತಡ, ಅಳುವ ಮುಖಗಳು, ಜನಪ್ರತಿನಿಧಿಗಳಿಗೆ ಶಾಪ, ಯಾರೋ ವಿಷ ಬೆರೆಸಿದ್ದಾರೆಂಬ ಊಹೆ, ಟಿ.ವಿ.ಯವರನ್ನು ಕರೆಯಿರಿ ಎಂಬ ಸಲಹೆ ಎಲ್ಲವೂ ಒಟ್ಟಿಗೆ ನುಗ್ಗಿದವು. ಅದರ ನಡುವೆ ನಿವೃತ್ತ ಶಿಕ್ಷಕಿಯೊಬ್ಬರು ಬರೆದರು: ‘ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರಿಗೆ ನಾನು ಫೋನ್ ಮಾಡುತ್ತಿದ್ದೇನೆ. ಕಾಲುವೆ ಕೆರೆಗೆ ಸೇರುವ ಕಡೆ ಯಾರಿದ್ದೀರಿ? ಅಲ್ಲಿಯ ಫೋಟೊ ಬೇಕು. ಉಳಿದವರು ಒಂಬತ್ತು ಗಂಟೆಯ ತನಕ ದಯವಿಟ್ಟು ಏನೂ ಬರೆಯಬೇಡಿ.’ ಗುಂಪು ಸುಮ್ಮನಾಯಿತು. ಮಾದರಿ ಅಂದು ಬೆಳಗ್ಗೆಯೇ ತೆಗೆಯಲಾಯಿತು. ಜನ ಅವರ ಮಾತು ಕೇಳಿದ್ದು ಅವರು ಅಡ್ಮಿನ್ ಎಂದಲ್ಲ, ಅವರು ಅಡ್ಮಿನ್ ಆಗಿರಲೇ ಇಲ್ಲ. ತಾನು ಏನು ಮಾಡುತ್ತಿದ್ದೇನೆಂದು ಮೊದಲು ಹೇಳಿ, ಆಮೇಲೆ ಬೇರೆಯವರಿಂದ ಒಂದೇ ಒಂದು ಕೆಲಸ ಕೇಳಿದರು. ನಿಮ್ಮ ಗುಂಪಿನಲ್ಲೂ ಇಂಥವರು ಇದ್ದೇ ಇರುತ್ತಾರೆ. ಅವರನ್ನು ಹುಡುಕಿ, ಅಡ್ಮಿನ್ ಮಾಡಿ.

ಯಾರಿಗೆ ಹೋಗಬೇಕು ಎಂಬ ಪ್ರಶ್ನೆಯಲ್ಲೇ ಅರ್ಧ ಜಗಳ ಮುಗಿಯುತ್ತದೆ. ಕೆರೆಯ ಏರಿ, ಬೇಲಿ, ಹೂಳು ಪಾಲಿಕೆಯ ಕೆರೆ ವಿಭಾಗದ ಹೊಣೆ. ಒಳಚರಂಡಿಯ ನೀರು ಹರಿದು ಬಂದರೆ ಜಲಮಂಡಳಿ. ನೀರಿನ ಗುಣಮಟ್ಟಕ್ಕೆ ಮಾಲಿನ್ಯ ನಿಯಂತ್ರಣ ಮಂಡಳಿ. ಒತ್ತುವರಿಯಾದರೆ ಸರ್ವೆ ಮಾಡಿಸಬೇಕಾದವರು ತಹಶೀಲ್ದಾರರು. ಈ ಪಟ್ಟಿಯನ್ನು ಗುಂಪಿನ ಮೇಲ್ಭಾಗದಲ್ಲಿ ಪಿನ್ ಮಾಡಿಡಿ. ‘ಸರ್ಕಾರ ಏನು ಮಾಡುತ್ತಿದೆ?’ ಎಂದು ಕೂಗುವ ಬದಲು ‘ಇದು ಜಲಮಂಡಳಿಯದು, ನಾನು ಬರೆಯುತ್ತೇನೆ’ ಎಂದು ಹೇಳುವುದನ್ನು ಜನ ಬೇಗ ಕಲಿಯುತ್ತಾರೆ.

ಚರ್ಚೆಯನ್ನು ಬಿಗಿ ಮಾಡಲು ನನಗೆ ಅತ್ಯಂತ ನೆರವಾದದ್ದು ಮಾಹಿತಿ ಹಕ್ಕಿನ ಅರ್ಜಿ. ಕರ್ನಾಟಕದ ನಿಯಮಗಳ ಪ್ರಕಾರ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, ಅದು 150 ಪದ ಮೀರಬಾರದು, ಶುಲ್ಕ 10 ರೂಪಾಯಿ. ಈ ಮಿತಿ ನಾಗರಿಕರಿಗೆ ಅನ್ಯಾಯ ಎಂಬುದೇ ನನ್ನ ನಿಲುವು. ಆದರೂ ನಮ್ಮ ಗುಂಪಿಗೆ ಅದು ಒಳ್ಳೆಯ ಗುರುವಾಯಿತು. ಬೇಲಿಯ ಹಣ ಎಲ್ಲಿ ಹೋಯಿತು ಎಂದು ದಿನಗಟ್ಟಲೆ ನಡೆದ ಮಾತನ್ನು ಅರ್ಜಿಗೆ ಇಳಿಸಲು ಕುಳಿತಾಗ ಉಳಿದದ್ದು ಇಷ್ಟು: ಕಾರ್ಯಾದೇಶದ ಪ್ರತಿ, ಮಾಡಿದ ಕೆಲಸದ ಅಳತೆ ಬರೆದಿಡುವ ಅಳತೆ ಪುಸ್ತಕದ ಸಂಬಂಧಪಟ್ಟ ಪುಟಗಳು, ಪಾವತಿಯಾದ ಬಿಲ್ಲುಗಳ ಪ್ರತಿ. ‘ಏಕೆ ಮಾಡಲಿಲ್ಲ’ ಎಂಬ ಪ್ರಶ್ನೆಗೆ ಈ ಕಾಯ್ದೆಯಲ್ಲಿ ಉತ್ತರ ಸಿಗುವುದಿಲ್ಲ, ಕಡತದಲ್ಲಿ ಇರುವುದಷ್ಟೇ ಸಿಗುತ್ತದೆ. ಇದು ಗೊತ್ತಾದ ಮೇಲೆ ಊಹೆಯ ಮಾತುಗಳು ತಾವಾಗಿಯೇ ಉದುರಿಹೋದವು. 30 ದಿನದೊಳಗೆ ಉತ್ತರ ಬರಬೇಕು, ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ. ಹೀಗೆ ಗುಂಪಿಗೆ ಒಂದು ಪಂಚಾಂಗ ಸಿಗುತ್ತದೆ. ಈ ದಿನಾಂಕಗಳನ್ನು ನೆನಪಿಸುವ ಕೆಲಸವನ್ನು ಒಬ್ಬರಿಗೆ ಒಪ್ಪಿಸಿ.

ಇನ್ನು ನೀವು ಕೇಳಿದ, ಅಡ್ಮಿನ್‌ಗಳು ಮಾತ್ರ ಬರೆಯುವಂತೆ ಬೀಗ ಹಾಕುವ ವಿಷಯ. ವಾಟ್ಸ್‌ಆ್ಯಪ್ 2022ರಲ್ಲಿ ತಂದ ಕಮ್ಯುನಿಟಿ ಸೌಲಭ್ಯದಲ್ಲಿ ಎಲ್ಲರೂ ಇರುವ ಪ್ರಕಟಣೆಯ ಗುಂಪು ಒಂದು, ಅದರ ಕೆಳಗೆ ಸಣ್ಣ ಗುಂಪುಗಳು ಹಲವು ಇರಬಹುದು. ಪ್ರಕಟಣೆಯಲ್ಲಿ ಅಡ್ಮಿನ್‌ಗಳು ಮಾತ್ರ ಬರೆಯಲಿ: ಶ್ರಮದಾನದ ದಿನ, ಸಲ್ಲಿಸಿದ ಅರ್ಜಿಯ ಪ್ರತಿ, ಬಂದ ಉತ್ತರ. ಒಳಚರಂಡಿ, ಒತ್ತುವರಿ, ಹಕ್ಕಿ ಎಣಿಕೆ ಹೀಗೆ ಒಂದೊಂದು ಕೆಲಸಕ್ಕೆ ಒಂದೊಂದು ಸಣ್ಣ ಗುಂಪು. ಕೆಲಸ ಒಪ್ಪಿಕೊಂಡವರು ಅಲ್ಲಿ ಮನಸ್ಸು ಬಿಚ್ಚಿ ಮಾತನಾಡಲಿ. ಭಾನುವಾರ ರಾತ್ರಿ ಪ್ರತಿ ಗುಂಪಿನಿಂದ ನಾಲ್ಕು ಸಾಲು ಪ್ರಕಟಣೆಗೆ ಬರಲಿ: ಯಾವ ಪತ್ರ ಎಲ್ಲಿಗೆ ಹೋಯಿತು, ಟಪಾಲು ವಿಭಾಗದಲ್ಲಿ ಎರಡನೇ ಪ್ರತಿಗೆ ಮುದ್ರೆ ಹಾಕಿಸಿಕೊಂಡಿರಾ, ಏನು ಬಾಕಿ. ಸುಮ್ಮನಾದವರು ಮತ್ತೆ ಬಾಯಿ ತೆರೆಯುವುದು ಈ ನಾಲ್ಕು ಸಾಲು ನೋಡಿದ ಮೇಲೆಯೇ.

ಅಧಿಕಾರಿಗಳನ್ನು ಚರ್ಚೆಯ ಗುಂಪಿಗೆ ಸೇರಿಸಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ. ಎಂಜಿನಿಯರ್ ಗುಂಪಿನಲ್ಲಿದ್ದರೆ ಅರ್ಧದಷ್ಟು ಜನ ಅವರನ್ನು ಹೊಗಳುತ್ತಾರೆ, ಇನ್ನರ್ಧ ಅಲ್ಲೇ ಬೈಯುತ್ತಾರೆ, ಲಿಖಿತ ದೂರು ಮಾತ್ರ ಯಾರೂ ಕೊಡುವುದಿಲ್ಲ.

ಫೋಟೊಗಳ ಬಗ್ಗೆ ಒಂದು ಮಾತು, ಏಕೆಂದರೆ ಇದರಲ್ಲಿ ಬಹಳ ಗುಂಪುಗಳು ಸಾಕ್ಷ್ಯ ಕಳೆದುಕೊಳ್ಳುತ್ತವೆ. ಸಾಮಾನ್ಯ ಚಿತ್ರವಾಗಿ ಕಳಿಸಿದರೆ ಫೋಟೊದೊಳಗೆ ಅಡಗಿರುವ ದಿನಾಂಕ, ಸ್ಥಳದ ವಿವರಗಳು ಅಳಿಸಿಹೋಗುತ್ತವೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಉಳಿಯುತ್ತವೆ. ಸಂದೇಶಗಳು ತಾವಾಗಿ ಮಾಯವಾಗುವ ವ್ಯವಸ್ಥೆಯನ್ನು ಚಾಲೂ ಮಾಡಿದ್ದರೆ ಇಂದೇ ನಿಲ್ಲಿಸಿ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಹೋಗುವುದಾದರೆ ಸಾಮಾನ್ಯವಾಗಿ ವ್ಯಾಜ್ಯಕಾರಣ (ದೂರಿಗೆ ಕಾರಣವಾದ ಸಂಗತಿ) ಮೊದಲು ಹುಟ್ಟಿದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು, ಆದ್ದರಿಂದ ಮೊದಲು ಕಂಡ ದಿನ ಯಾವುದೆಂಬುದು ಬಹಳ ಮುಖ್ಯ.

ಗುಂಪಿನಲ್ಲಿ ಹೆಚ್ಚು ಬರೆಯುವವರು ಅಪಾರ್ಟ್‌ಮೆಂಟಿನವರು, ಅದೂ ಇಂಗ್ಲಿಷಿನಲ್ಲಿ. ಕೆರೆಯನ್ನು ಹೆಚ್ಚು ಬಲ್ಲವರು ಮೀನು ಹಿಡಿಯುವವರು, ದನಕ್ಕೆ ಹುಲ್ಲು ಕೊಯ್ಯುವವರು, ಹಳೆಯ ಊರಿನ ಹಿರಿಯರು. ಕೋಡಿ ಎಲ್ಲಿತ್ತು, ತೂಬು ಯಾವಾಗ ಮುಚ್ಚಿಹೋಯಿತು, ಯಾವ ಪೈಪಿನಿಂದ ರಾತ್ರಿ ಹೊತ್ತು ನೀರು ಬಿಡುತ್ತಾರೆ ಎಂಬುದು ಅವರಿಗೆ ಗೊತ್ತು. ಅವರು ಬರೆಯುವುದಿಲ್ಲ, ಧ್ವನಿ ಸಂದೇಶ ಕಳಿಸುತ್ತಾರೆ, ಅದನ್ನು ಯಾರೂ ಕೇಳುವುದಿಲ್ಲ. ಪ್ರತಿ ಧ್ವನಿ ಸಂದೇಶವನ್ನೂ ಎರಡು ಸಾಲು ಕನ್ನಡದಲ್ಲಿ ಬರೆದು ಹಾಕುವವರೊಬ್ಬರು ಬೇಕೇ ಬೇಕು. ಅರ್ಜಿಯೂ ಕನ್ನಡದಲ್ಲೇ ಇರಲಿ, ಕಡತ ನೋಡುವ ಗುಮಾಸ್ತರಿಂದ ಮೇಲಿನವರ ತನಕ ಎಲ್ಲರೂ ಅದನ್ನು ಸಲೀಸಾಗಿ ಓದುತ್ತಾರೆ.

ಕೆಲವು ವಿಷಯಗಳು ಬರವಣಿಗೆಯಲ್ಲಿ ಎಂದೂ ಬಗೆಹರಿಯುವುದಿಲ್ಲ: ಗಣೇಶನ ವಿಸರ್ಜನೆ, ಬೀದಿ ನಾಯಿ, ಕೆರೆಯ ಸುತ್ತ ದೀಪ ಬೇಕೇ ಬೇಡವೇ. ಇಂಥವು ತಲೆ ಎತ್ತಿದರೆ ‘ತಿಂಗಳ ಸಭೆಗೆ’ ಎಂದು ಬರೆದು ನಿಲ್ಲಿಸಿ, ಏರಿಯ ಮೇಲೆ ಎದುರುಬದುರು ಕುಳಿತು ಮಾತಾಡಿ. ಇಬ್ಬರ ನಡುವೆ ಕಾವೇರಿದರೆ ಗುಂಪಿನಲ್ಲಿ ತೀರ್ಪು ಕೊಡಬೇಡಿ, ಇಬ್ಬರಿಗೂ ಫೋನ್ ಮಾಡಿ. ಕೋಮು ದ್ವೇಷದ ಸಂದೇಶ ಬಂದರೆ ಮಾತ್ರ ಕೂಡಲೇ ಅಳಿಸಿ. ಸದಸ್ಯರು ಹಾಕಿದ್ದಕ್ಕೆ ಅಡ್ಮಿನ್ ಹೊಣೆಯಲ್ಲ ಎಂದು ಕೇರಳ ಹೈಕೋರ್ಟ್ 2022ರಲ್ಲಿ ಹೇಳಿದೆ, ಆದರೆ ಕಾನೂನಿನ ಭಯದಿಂದ ಮಾಡುವ ಕೆಲಸ ಇದಲ್ಲ. ಕೆರೆಯ ಮೇಲಿನ ಪ್ರೀತಿಯಿಂದ ಸೇರಿಕೊಂಡವರು ಅದನ್ನು ಓದಬೇಕಾಗಿ ಬರಬಾರದು.

ಭಿನ್ನಾಭಿಪ್ರಾಯಕ್ಕೆ ಹೆದರಬೇಡಿ. 2016ರಲ್ಲಿ ಬೆಂಗಳೂರಿನ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗಿನ ಉಕ್ಕಿನ ಮೇಲ್ಸೇತುವೆಯ ವಿರುದ್ಧ ನಿಂತವರಲ್ಲಿ ಮರಗಳ ಚಿಂತೆಯವರಿದ್ದರು, ಹಣದ ಚಿಂತೆಯವರಿದ್ದರು, ಮೇಲ್ಸೇತುವೆ ಬದಲು ಬಸ್ಸು ರೈಲು ಬೇಕೆನ್ನುವವರಿದ್ದರು. ಎಲ್ಲರ ಬೇಡಿಕೆ ಮಾತ್ರ ಒಂದೇ ಆಗಿತ್ತು. 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು.

ನಿಮ್ಮ ಕೆರೆಯ ಯಾವ ಅರ್ಜಿ ಈಗ ಯಾವ ಕಚೇರಿಯಲ್ಲಿ ಬಾಕಿ ಇದೆ ಎಂದು ಇಲ್ಲಿ ಬರೆಯಿರಿ. ಒಂದೂ ಇಲ್ಲವಾದರೆ ಗುಂಪಿನಲ್ಲಿ ಹೆಚ್ಚು ಚರ್ಚೆಯಾದ ವಿಷಯ ತಿಳಿಸಿ, ಒಕ್ಕಣೆ ಬರೆಯಲು ನಾನು ಜೊತೆಗೆ ಕೂರುತ್ತೇನೆ.